ಅವಧಾನವೂ ಒಪ್ಪಿಗೆಯೂ

ಮತ್ತೊಬ್ಬರ ಧನವನ್ನು ಕೇಳದೆ ತೆಗೆದುಕೊಳ್ಳುವುದು ಕಳವೆಂದು ಎಲ್ಲರೂ ಒಪ್ಪುವರು. ಮತ್ತೊಬ್ಬರ ಹೊಲದ ಬದುವನ್ನು ಒಂದು ಗೇಣು ಸರಿಸಿದರೂ ಊರಿನ ಹಿರಿಯರು ನೆರೆದು ನ್ಯಾಯ ಹೇಳುವರು. ಆದರೆ ಒಂದು ಕೆಲಸದಲ್ಲಿ ನೆಟ್ಟಿರುವ ಮತ್ತೊಬ್ಬರ ಚಿತ್ತವನ್ನು ಕೇಳದೆ ತನ್ನ ಕಡೆಗೆ ಸೆಳೆದುಕೊಂಡರೆ ಅದಕ್ಕೆ ಏನೆಂದು ಹೆಸರಿಡಬೇಕು? ಹೋದ ಧನ ತಿರುಗಿ ಬಂದೀತು. ಬದುವನ್ನು ಮೊದಲಿನ ಠಾವಿಗೆ ಹಾಕಿಸಬಹುದು. ಕಳೆದುಹೋದ ಗಳಿಗೆಯ ಚಿತ್ತವಾದರೋ ಮರಳಿ ಬರುವ ವಸ್ತುವಲ್ಲ. ಪ್ರಶ್ನೆ ಹಳೆಯದು. ಗಣಕಯಂತ್ರವು ಮನೆಗೂ ಕಚೇರಿಗೂ ಬಂದು ಕುಳಿತ ಮೇಲೆ ಮಾತ್ರ ಅದು ದಿನಕ್ಕೆ ಹತ್ತಾರು ಸಲ ನಮ್ಮೆದುರು ಬಂದು ನಿಲ್ಲುತ್ತಿರುವುದು.

ಈ ಯಂತ್ರದ ರೂಢಿಯಿಲ್ಲದ ಹಿರಿಯರಿಗಾಗಿ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಗಣಕಯಂತ್ರದ ಪರದೆಯ ಮೇಲೆ ಕೆಲಸಕ್ಕೊಂದರಂತೆ ಚೌಕಾಕಾರದ ಅಂಕಣಗಳು ತೆರೆದಿರುತ್ತವೆ. ಇವನ್ನು ವಿಂಡೋ, ಎಂದರೆ ಕಿಟಕಿ, ಎನ್ನುವರು. ಒಂದರಲ್ಲಿ ಪತ್ರ, ಇನ್ನೊಂದರಲ್ಲಿ ಲೆಕ್ಕ, ಮತ್ತೊಂದರಲ್ಲಿ ಅಂಚೆ. ಕಿಟಕಿಗಳು ಎಷ್ಟೇ ಇದ್ದರೂ ಕೀಲಿಮಣೆ ಒಂದೇ. ಆದಕಾರಣ ಯಾವುದೊಂದು ಕ್ಷಣದಲ್ಲಿಯೂ ಒಂದೇ ಕಿಟಕಿ ನಮ್ಮ ಬೆರಳಿಗೆ ಕಿವಿಗೊಟ್ಟಿರುವುದು. ಹಾಗೆ ಕಿವಿಗೊಟ್ಟಿರುವ ಸ್ಥಿತಿಗೆ ಫೋಕಸ್ ಎಂದು ಹೆಸರು. ಕೆಲವು ವೇಳೆ ನಾವು ಬರೆಯುತ್ತಿರುವಾಗಲೇ ಕರೆಯದ ಕಿಟಕಿಯೊಂದು ದಿಢೀರನೆ ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುವಿರಾ? ನಮ್ಮ ಸೇವೆ ಹೇಗಿದೆ, ಅಂಕ ಕೊಡುವಿರಾ? ಇದಕ್ಕೆ ಪಾಪ್‌ಅಪ್ ಎನ್ನುವರು. ಅದು ಬರಿದೆ ಕಣ್ಣಿಗೆ ಅಡ್ಡವಾದರೆ ಕಿರುಕುಳ ಮಾತ್ರ. ಬರುವಾಗಲೇ ಫೋಕಸನ್ನೂ ಕಸಿದುಕೊಂಡು ಬಂದರೆ, ಒಂದು ಕಿಟಕಿಗೆಂದು ಒತ್ತಿದ ಕೀಲಿ ಇನ್ನೊಂದಕ್ಕೆ ಹೋಗಿ ಸೇರುವುದು. ಟಪಾಲು ದಾರಿಯಲ್ಲಿರುವಾಗಲೇ ಮನೆಗಳ ಬಾಗಿಲಿನ ಹೆಸರುಹಲಗೆಗಳನ್ನು ಅದಲುಬದಲು ಮಾಡಿದಂತೆ.

ಇದರಿಂದ ಏನು ಮಹಾ ಕೆಡಕು ಎಂದು ಕೇಳುವವರು ಕಲಬುರಗಿಯ ಯಾವುದಾದರೊಂದು ಡಿಟಿಪಿ ಅಂಗಡಿಯನ್ನು ಮನಸ್ಸಿಗೆ ತಂದುಕೊಳ್ಳಲಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುಣ್ಯಸ್ಮರಣೆಯ ಕಾರ್ಡು, ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾದ ಮಹಾಪ್ರಬಂಧ, ಇವೆಲ್ಲ ಅಲ್ಲಿ ಅಕ್ಷರರೂಪ ತಳೆಯುವವು. ನುರಿತ ಬೆರಳಚ್ಚುಗಾರನ ಕಣ್ಣು ಪರದೆಯ ಮೇಲೆ ಇರುವುದಿಲ್ಲ. ಮಗ್ಗುಲಲ್ಲಿ ಇಟ್ಟ ಹಸ್ತಪ್ರತಿಯ ಮೇಲೆ ಇರುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ, ಕೆ. ಪಿ. ರಾವ್ ಅವರ ಕೀಲಿವಿನ್ಯಾಸದಂತೆ, 'ಬಸವಣ್ಣ' ಎಂಬ ನಾಲ್ಕಕ್ಷರದ ಹೆಸರಿಗೆ ೬ ಸಲ ಕೀಲಿ ಒತ್ತಬೇಕು: ಬ, ಸ, ವ, ಣ ಎಂಬ ನಾಲ್ಕು, ಒತ್ತಕ್ಷರದ ಕೊಂಡಿಗೆ ಒಂದು, ಮತ್ತೆ ಣ. ಶಿಫ್ಟ್ ಕೀಲಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಮೂರನೆಯ ಕೀಲಿಯಾದ ಮೇಲೆ ಪಾಪ್‌ಅಪ್ ನುಗ್ಗಿತೆನ್ನಿ. ಹಾಳೆಯ ಮೇಲೆ 'ಬಸವ' ಎಂದಷ್ಟೇ ಉಳಿದು ಮಿಕ್ಕ ಮೂರು ಕೀಲಿಗಳು ನುಗ್ಗಿದ ಕಿಟಕಿಯ ಪಾಲಾಗುವವು. ಪದ ಮುಗಿದೊಡನೆ ರೂಢಿಯಂತೆ ಆತನ ಹೆಬ್ಬೆರಳು ತೆರಪಿನ ಕೀಲಿಯನ್ನು ಒತ್ತುವುದು. ವಿಂಡೋಸ್ ಯಂತ್ರಗಳ ಸಾಮಾನ್ಯ ಪ್ರಶ್ನೆಕಿಟಕಿಗಳಲ್ಲಿ ಆ ತೆರಪಿನ ಕೀಲಿಗೆ ಬೇರೆಯೇ ಅರ್ಥವಿದೆ: ಯಾವ ಗುಂಡಿ ಫೋಕಸ್ ಪಡೆದಿದೆಯೋ ಅದನ್ನು ಅದು ಒತ್ತಿಬಿಡುತ್ತದೆ. ಎಂಟರ್ ಕೀಲಿಯದೂ ಇದೇ ಕಥೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದರಂತೂ, 'ಎಸ್' ಅಥವಾ 'ನೋ' ಕೇಳುವ ಪುಟ್ಟ ಕಿಟಕಿಗೆ ವೈ ಎಂಬ ಒಂದೇ ಅಕ್ಷರ ಉತ್ತರವಾಗಿ ಸಂದುಬಿಡಬಲ್ಲದು. ಬೆರಳಚ್ಚುಗಾರನು ತಲೆಯೆತ್ತಿ ನೋಡುವಷ್ಟರಲ್ಲಿ ಕಿಟಕಿ ಬಂದೂ ಆಯಿತು, ಹೋಗಿಯೂ ಆಯಿತು. ಯಂತ್ರವು ತನ್ನನ್ನು ತಾನೇ ಮುಚ್ಚಿಕೊಂಡು ಹೊಸ ಆವೃತ್ತಿಯನ್ನು ಹಾಕಿಕೊಳ್ಳತೊಡಗಿರುವುದು. ಉಳಿಸದೆ ಬಿಟ್ಟ ಪುಟ ಹೋಯಿತು. ಕೇಳಿದರೆ ದೊರೆಯುವ ಉತ್ತರ: ನೀನೇ ಒಪ್ಪಿಗೆ ಕೊಟ್ಟಿರುವೆ!

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೆರಳು ಆತನದು, ಕೀಲಿ ಒತ್ತಿದ್ದೂ ನಿಜ. ಆದರೆ ಕ್ರಿಯೆಯೆಂಬುದು ಬೆರಳಿನಲ್ಲಿ ಇರುವುದೋ, ಬೆರಳನ್ನು ನಡೆಸಿದ ಸಂಕಲ್ಪದಲ್ಲಿ ಇರುವುದೋ? ಆತನ ಸಂಕಲ್ಪ ಒಂದು ಹೆಸರನ್ನು ಬರೆಯುವುದಾಗಿತ್ತು. ಹೆಸರಿನ ಮುಂದೆ ತೆರಪು ಬಿಡುವುದಾಗಿತ್ತು. ಅಕ್ಷರಗಳ ನಡುವಿನ ಬರಿಯ ಬಯಲನ್ನು ಯಂತ್ರವು ಒಪ್ಪಿಗೆಯೆಂದು ಬರೆದುಕೊಂಡಿತು. ಗಮನವನ್ನು ಕದ್ದದ್ದು ಒಂದು ಅಪರಾಧ. ಕದ್ದವನೇ ಕಳೆದುಕೊಂಡವನ ಕೈಯಿಂದ ಪಾವತಿ ಬರೆಸಿಕೊಂಡದ್ದು ಇನ್ನೊಂದು. ಮೊದಲನೆಯದನ್ನು ಜನರು ಗೊಣಗುತ್ತ ಸಹಿಸುವರು. ಎರಡನೆಯದೇ ಹೆಚ್ಚು ಘೋರವೆಂದು ನಮ್ಮ ಅಭಿಪ್ರಾಯ. ಏಕೆಂದರೆ ಅದು ಕಳೆದುಕೊಂಡವನನ್ನೇ ತಪ್ಪಿತಸ್ಥನನ್ನಾಗಿ ನಿಲ್ಲಿಸುವುದು.

ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಮರ್ಯಾದೆ ಉಂಟು. ಕಮಲಾಪುರದ ಸೀಮೆಯಲ್ಲಿ ಒಬ್ಬರ ಮನೆಗೆ ಹೋದವರು ನೆಟ್ಟಗೆ ಒಳಗೆ ನುಗ್ಗುವುದಿಲ್ಲ. ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮುವರು, ಇಲ್ಲವೆ "ಒಳಗ ಯಾರ ಅದಾರ್ರೀ?" ಎಂದು ಕೂಗುವರು. ಯಜಮಾನರು ಲಿಂಗಪೂಜೆಗೆ ಕುಳಿತಿದ್ದಾರೆಂದು ತಿಳಿದರೆ ಕಟ್ಟೆಯ ಮೇಲೆ ಕುಳಿತು ಕಾಯುವರು. ಬಂದ ಸುದ್ದಿ ಒಳಗೆ ಮುಟ್ಟಿತು, ಒಳಗಿನವರ ಚಿತ್ತವೂ ಕದಡಲಿಲ್ಲ. ಯಾವಾಗ ಎದ್ದು ಬರಬೇಕೆಂಬ ನಿರ್ಣಯ ಒಳಗಿನವರ ಕೈಯಲ್ಲಿಯೇ ಉಳಿಯಿತು.

ಗಣಕಯಂತ್ರವನ್ನು ರೂಪಿಸಿದವರಿಗೆ ಈ ಮರ್ಯಾದೆ ತಿಳಿಯದೆಂದು ಹೇಳುವಂತಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ ೯೮ ಮತ್ತು ವಿಂಡೋಸ್ ೨೦೦೦ ಆವೃತ್ತಿಗಳಲ್ಲಿ ಒಂದು ಕಟ್ಟಳೆಯನ್ನು ತಂದರು. ಬಳಸುವವನು ಕೆಲಸದಲ್ಲಿ ತೊಡಗಿರುವಾಗ ಹಿಂದಿರುವ ಕಾರ್ಯಕ್ರಮವು ತನ್ನಷ್ಟಕ್ಕೆ ತಾನೇ ಮುಂದೆ ಬರಕೂಡದು. ಬರಲೆತ್ನಿಸಿದರೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಅದರ ಗುರುತು ಮಿನುಗಬೇಕು, ಅಷ್ಟೆ. ಈ ತಡೆಗೆ ಅವರು ಗೊತ್ತುಪಡಿಸಿದ ಅವಧಿ ೨೦೦ ಸೆಕೆಂಡು. ಮಿನುಗುವ ಆ ಗುರುತು ಹೊಸ್ತಿಲಾಚೆಯ ಕೆಮ್ಮಲ್ಲದೆ ಮತ್ತೇನು? ಲಿನಕ್ಸ್ ಬಳಸುವವರಲ್ಲಿ ಪ್ರಚಾರವಿರುವ ಕೆಡಿಇ ಎಂಬ ಏರ್ಪಾಡಿನಲ್ಲಂತೂ 'ಫೋಕಸ್ ಕಳವಿನ ತಡೆ' ಎಂಬ ಹೆಸರಿನಿಂದಲೇ ಒಂದು ಸವಲತ್ತಿದ್ದು, ತಡೆಯೇ ಇಲ್ಲ ಎಂಬುದರಿಂದ ಅತಿ ಕಟ್ಟುನಿಟ್ಟು ಎಂಬುವವರೆಗೆ ಅದಕ್ಕೆ ೫ ಮೆಟ್ಟಿಲುಗಳಿವೆ. ಕಳವು ಎಂಬ ಶಬ್ದವನ್ನು ಇಲ್ಲಿಗೆ ತಂದವರು ಧರ್ಮಬೋಧಕರಲ್ಲ, ಯಂತ್ರಶಿಲ್ಪಿಗಳೇ ಎಂಬುದು ಗಮನಿಸತಕ್ಕ ಮಾತು. ಆದರೆ ಕಾರ್ಯಕ್ರಮ ಬರೆಯುವವರಲ್ಲಿ ಕೆಲವರು ಈ ಕಟ್ಟಳೆಯನ್ನು ದಾಟುವ ಕಳ್ಳದಾರಿಗಳನ್ನೂ ಕಂಡುಹಿಡಿದರು. ತಮ್ಮ ಕಿಟಕಿಯೇ ಎಲ್ಲಕ್ಕಿಂತ ಮುಖ್ಯವೆಂದು ಪ್ರತಿಯೊಬ್ಬರೂ ಬಗೆಯುವುದು ಸಹಜವಷ್ಟೆ!

ಹೀಗೆ ನುಗ್ಗುವವರೆಲ್ಲ ದುಷ್ಟರೆಂದು ತಿಳಿಯುವುದೂ ಸರಿಯಲ್ಲ. ಜಾಹೀರಾತಿನ ಪಾಪ್‌ಅಪ್ ಹುಟ್ಟಿದ ವೃತ್ತಾಂತವೇ ಇದಕ್ಕೆ ಸಾಕ್ಷಿ. ೧೯೯೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ಅಂತರಜಾಲ ಸಂಸ್ಥೆಯಲ್ಲಿ ಈಥನ್ ಝಕರ್‌ಮನ್ ಎಂಬವರು ಕೆಲಸದಲ್ಲಿದ್ದರು. ಮೋಟಾರು ಕಂಪನಿಯೊಂದು ತನ್ನ ಜಾಹೀರಾತು ಅಶ್ಲೀಲ ಪುಟದ ಮೇಲೆ ಕಾಣಿಸಿಕೊಂಡಿತೆಂದು ಮುನಿಸಿಕೊಂಡಿತು. ಪುಟಕ್ಕೂ ಜಾಹೀರಾತಿಗೂ ನಂಟು ಕಾಣದಿರಲೆಂದು ಜಾಹೀರಾತನ್ನು ಬೇರೆಯ ಕಿಟಕಿಯಲ್ಲಿ ತೆರೆಯುವ ಉಪಾಯವನ್ನು ಝಕರ್‌ಮನ್ ಮಾಡಿದರು. ೨೦೧೪ರಲ್ಲಿ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಲೇಖನ ಬರೆದು ಅವರು ಇದಕ್ಕಾಗಿ ಲೋಕದ ಕ್ಷಮೆ ಬೇಡಿದರು. ಮೂಲದಲ್ಲಿ ದುರುದ್ದೇಶವಿರಲಿಲ್ಲ. ಕಂಪನಿಯ ಮಾನವನ್ನು ಕಾಯಬೇಕಾಗಿತ್ತು, ಪುಟ ಬರೆದವನ ಸ್ವಾತಂತ್ರ್ಯವನ್ನೂ ಕಾಯಬೇಕಾಗಿತ್ತು, ಎರಡನ್ನೂ ಕಾದರು. ಓದುವವನ ಗಮನವು ಮಾತ್ರ ಯಾರ ಖಾತೆಗೂ ಸೇರದ ಗಾಯರಾಣದಂತೆ ಕಂಡಿತು. ಯಾರ ದನವಾದರೂ ಅಲ್ಲಿ ಮೇಯಬಹುದಾಯಿತು. ೨೦೦೪ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಮೂಲಕ ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ಪಾಪ್‌ಅಪ್ ತಡೆಯುವ ಬೇಲಿ ಬಂದಿತು. ಒಪೆರಾ, ಮೊಜಿಲ್ಲಾ ಮೊದಲಾದವು ಅದಕ್ಕೆ ಮುಂಚೆಯೇ ಬೇಲಿ ಹಾಕಿದ್ದವು. ಬೇಲಿ ಬಂದ ಮೇಲೆ ಜಾಹೀರಾತುಗಳು ಪುಟದ ಒಳಗಿನಿಂದಲೇ ಮೇಲೇಳುವುದನ್ನು ಕಲಿತವು.

ಒಪ್ಪಿಗೆಯ ವಿಷಯದಲ್ಲಿ ೨೦೧೬ರ ಒಂದು ಪ್ರಸಂಗ ಇನ್ನೂ ವಿಚಿತ್ರವಾದುದು. ವಿಂಡೋಸ್ ೧೦ ಎಂಬ ಆವೃತ್ತಿಯನ್ನು ಒಂದು ವರ್ಷದ ಮಟ್ಟಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಕಾಲವದು. ಹಾಕಿಕೊಳ್ಳಿರೆಂದು ಮತ್ತೆ ಮತ್ತೆ ಕಿಟಕಿ ಬರುತ್ತಿತ್ತು. ಬೇಡವೆನ್ನುವವರು ಎಲ್ಲ ಕಿಟಕಿಗಳನ್ನು ಮುಚ್ಚುವಂತೆ ಮೂಲೆಯಲ್ಲಿನ ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿ ಮುಚ್ಚುತ್ತಿದ್ದರು. ಆ ವರ್ಷದ ಮೇ ತಿಂಗಳ ಹೊತ್ತಿಗೆ, ಹಾಗೆ ಮುಚ್ಚಿದರೂ ಯಂತ್ರವು ಮುಂಚಿತವಾಗಿ ಗೊತ್ತುಮಾಡಿದ್ದ ದಿನದಂದು ಹೊಸ ಆವೃತ್ತಿಯನ್ನು ಹಾಕಿಕೊಳ್ಳುವುದು ಕಂಡುಬಂದಿತು. ಜನರು ಬೊಬ್ಬೆಯಿಟ್ಟ ಮೇಲೆ ಜೂನ್ ತಿಂಗಳಲ್ಲಿ ಅದನ್ನು ತಿದ್ದಲಾಯಿತು. ಎರಡು ದಶಕಗಳ ಕಾಲ 'ಬೇಡ' ಎಂಬ ಅರ್ಥದಲ್ಲಿ ಕಲಿಸಿದ ಗುರುತೊಂದನ್ನು ಒಂದು ದಿನ ಸದ್ದಿಲ್ಲದೆ 'ಆಗಲಿ' ಎಂಬ ಅರ್ಥಕ್ಕೆ ತಿರುಗಿಸಿದರೆ, ಆಮೇಲೆ ಮನುಷ್ಯನು ಇಲ್ಲವೆನ್ನುವುದಾದರೂ ಹೇಗೆ?

ರಾಜ್ಯಶಾಸನವೂ ಇದನ್ನು ಈಗ ಗುರುತಿಸಿದೆ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ ೧೩ ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿತು. ಬೇಡವೆಂದರೂ ಬಿಡದೆ ಪೀಡಿಸುವ ಕಿಟಕಿಗಳು ಅವುಗಳಲ್ಲಿ ಒಂದು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆಯು ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಅದಕ್ಕೆ ಷರತ್ತಿನ ಕಟ್ಟು ಇರಕೂಡದು, ಅರ್ಥದಲ್ಲಿ ಸಂದಿಗ್ಧತೆಯೂ ಇರಕೂಡದು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿವೆ. ಶಾಸನ ಒಳ್ಳೆಯದು. ಆದರೆ ಒಪ್ಪಿಗೆ ಕೊಡುವವನು ಒಬ್ಬನಾಗಿ ಕೀಲಿ ಒತ್ತುವವನು ಇನ್ನೊಬ್ಬನಾದಲ್ಲಿ ಏನು ಗತಿ?

ಈ ಪ್ರಶ್ನೆ ಕಮಲಾಪುರದಂಥ ಊರಿನಲ್ಲಿ ದಿನವೂ ಏಳತಕ್ಕದ್ದು. ಹಿಂದೆ ಕಲಬುರಗಿ ತಾಲೂಕಿನ ಹೋಬಳಿಯಾಗಿದ್ದ ಈ ಊರು ಈಗ ತಾನೇ ತಾಲೂಕಿನ ಕೇಂದ್ರ. ಇಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಕದ ಮನ್ನಣೆ ಪಡೆದು ದೂರದೂರದವರೆಗೆ ಹೆಸರಾಗಿದೆ. ಸುತ್ತಲೂ ತೊಗರಿಯ ಹೊಲಗಳು. ಬಾಳೆಯ ತೋಟದವನಿಗಾಗಲಿ ತೊಗರಿಯ ರೈತನಿಗಾಗಲಿ ಪಹಣಿ, ಬೆಳೆವಿಮೆ, ಆಧಾರ್ ಜೋಡಣೆ ಎಂದು ವರ್ಷದಲ್ಲಿ ಹಲವು ಸಲ ಗಣಕಯಂತ್ರದ ಎದುರು ಕುಳಿತುಕೊಳ್ಳುವ ಪ್ರಸಂಗ ಬರುತ್ತದೆ. ಎದುರು ಎಂದೆವು, ವಾಸ್ತವವಾಗಿ ಹಿಂದೆ. ಪರದೆಯ ಮುಖ ಅಂಗಡಿಯವನ ಕಡೆಗೆ, ಬೆನ್ನು ರೈತನ ಕಡೆಗೆ. ನಡುವೆ ಕಿಟಕಿಯೊಂದು ಏಳುತ್ತದೆ, ಇಂಗ್ಲಿಷಿನ ಇಪ್ಪತ್ತು ಸಾಲುಗಳ ಕೆಳಗೆ 'ಒಪ್ಪಿದೆ' ಎಂಬ ಗುಂಡಿ. ಹೊರಗೆ ಸರತಿಯ ಸಾಲು, ಕರೆಂಟು ಹೋದೀತೆಂಬ ಅವಸರ. ಅಂಗಡಿಯವನು ಒತ್ತುವನು. ಯಾರು ಒಪ್ಪಿದರು? ರೈತನು ಕಾಣಲಿಲ್ಲ, ಅಂಗಡಿಯವನು ಓದಲಿಲ್ಲ, ಯಂತ್ರವು ರೈತನ ಹೆಸರಿನಲ್ಲಿ ದಾಖಲೆ ಮಾಡಿತು.

ಈ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಉತ್ತಮ ನಿದರ್ಶನವಿದೆ. ೨೦೦೦ದ ಆಸುಪಾಸಿನಲ್ಲಿ ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯನ್ನು ಕೈಕೊಂಡು, ರಾಜ್ಯದ ಅಂದಿನ ೧೭೭ ತಾಲೂಕುಗಳಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲೂಕು ಕಚೇರಿಯ ಕಟ್ಟೆಯಲ್ಲಿ ೧೫ ರೂಪಾಯಿ ಕೊಟ್ಟರೆ ಪಹಣಿ ದೊರೆಯುತ್ತಿತ್ತು. ಇದರ ವೇಗವನ್ನು ಹೊಗಳಿದವರು ಬಹಳ ಮಂದಿ. ನಮಗೆ ಹೆಚ್ಚು ಮೆಚ್ಚಿಗೆಯಾದುದು ಎರಡು ಸಣ್ಣ ಏರ್ಪಾಡುಗಳು. ಕೌಂಟರಿನಲ್ಲಿ ಎರಡು ಪರದೆಗಳಿದ್ದವು: ಒಂದು ಗುಮಾಸ್ತನ ಕಡೆಗೆ, ಮತ್ತೊಂದು ರೈತನ ಕಡೆಗೆ ಮುಖಮಾಡಿ. ತನ್ನ ಹೊಲದ ಬಗೆಗೆ ನಡೆಯುವುದನ್ನು ರೈತನು ತನ್ನ ಕಣ್ಣಿನಿಂದಲೇ ನೋಡಬಹುದಿತ್ತು. ಇದರೊಂದಿಗೆ, ಯಂತ್ರದೊಳಗೆ ಪ್ರವೇಶಿಸುವ ಅಧಿಕಾರಿಯ ಬೆರಳಗುರುತನ್ನು ಯಂತ್ರವೇ ಪರೀಕ್ಷಿಸುತ್ತಿತ್ತು. ಆದಕಾರಣ ಮಾಡಿದವನು ತಾನು ಮಾಡಲಿಲ್ಲವೆನ್ನುವಂತಿರಲಿಲ್ಲ. ಕಾಣುವ ಹಕ್ಕು ಯಾರದೋ ಅವನ ಮುಂದೆ ಪರದೆ, ಮಾಡುವ ಹೊಣೆ ಯಾರದೋ ಅವನ ಬೆರಳಿನ ಗುರುತು. ಕಣ್ಣು, ಸಂಕಲ್ಪ, ಬೆರಳು ಈ ಮೂರೂ ಅಲ್ಲಿ ತಮ್ಮ ತಮ್ಮ ಯಜಮಾನರ ಬಳಿಯೇ ಉಳಿದವು. ಈ ಮೂರನ್ನು ಬೇರ್ಪಡಿಸುವುದರಲ್ಲಿಯೇ ಪಾಪ್‌ಅಪ್ಪಿನ ಚಮತ್ಕಾರವಿರುವುದು.

ಇಲ್ಲಿ ನಮ್ಮ ಸಾಧಕರಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತಬಹುದು. ಹೊರಗಿನದು ಬಂದು ಕಲಕಿತೆಂದು ದೂರುವುದೇಕೆ? ಚಿತ್ತವನ್ನು ಗಟ್ಟಿಮಾಡಿಕೊಂಡವನಿಗೆ ಕಿಟಕಿಯೇನು, ಸಿಡಿಲೇನು? ಷಟ್‌ಸ್ಥಲದಲ್ಲಿ ಪ್ರಸಾದಿಗೆ ಅವಧಾನಭಕ್ತಿಯನ್ನೇ ಹೇಳಿಲ್ಲವೆ? ಬಂದುದೆಲ್ಲವನ್ನೂ ಎಚ್ಚರದಿಂದ ನೋಡಿ, ಅರ್ಪಿಸಿ, ಆ ಬಳಿಕ ಸ್ವೀಕರಿಸುವುದು ಅವಧಾನವಾದರೆ, ನೋಡದೆ ಕೀಲಿ ಒತ್ತಿದವನು ಅವಧಾನ ತಪ್ಪಿದವನೇ ಸರಿ.

ಆಕ್ಷೇಪಕ್ಕೆ ತೂಕವಿದೆ, ತಳ್ಳಿಹಾಕತಕ್ಕದ್ದಲ್ಲ. ಆದರೂ ಅದು ಎರಡು ಸಂಗತಿಗಳನ್ನು ಒಂದಾಗಿಸುತ್ತದೆ. ಮನೆಗೆ ಬೀಗ ಹಾಕಿಕೊಳ್ಳಿರೆಂಬುದು ಒಡೆಯನಿಗೆ ಹೇಳುವ ಬುದ್ಧಿವಾದ. ಬೀಗವಿಲ್ಲದ ಮನೆಯಲ್ಲಿ ಕದಿಯುವುದು ನ್ಯಾಯವೆಂದು ಅದರಿಂದ ಸಿದ್ಧವಾಗದು. ಬೆರಳಚ್ಚುಗಾರನ ಮಾತನ್ನೇ ತೆಗೆದುಕೊಳ್ಳಿ. ಆತನು ಅವಧಾನ ತಪ್ಪಿದವನಲ್ಲ. ಹಸ್ತಪ್ರತಿಯ ಅಕ್ಷರದಲ್ಲಿ ಆತನ ಅವಧಾನ ಪೂರ್ಣವಾಗಿ ನೆಟ್ಟಿತ್ತೆಂಬ ಕಾರಣದಿಂದಲೇ ಕಿಟಕಿ ಆತನಿಗೆ ಕಾಣಲಿಲ್ಲ. ಅರೆಮನಸ್ಸಿನಿಂದ ಪರದೆಯತ್ತ ಕಣ್ಣು ಹಾಯಿಸುತ್ತಿದ್ದ ಸೋಮಾರಿಯಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದನು. ಕಾಯಕನಿಷ್ಠನನ್ನು ಹಿಡಿದು ಅನ್ಯಮನಸ್ಕನನ್ನು ಬಿಡುವ ಬಲೆ ಇದು. ಇಂಥ ಬಲೆಯನ್ನು ಒಡ್ಡಿದವರನ್ನು ಬಿಟ್ಟು ಸಿಕ್ಕವನಿಗೆ ಏಕಾಗ್ರತೆಯನ್ನು ಬೋಧಿಸುವುದು ವಿವೇಕದ ಮಾತಲ್ಲ. ಆಯ್ದಕ್ಕಿ ಮಾರಯ್ಯನವರು ಕಾಯಕದಲ್ಲಿ ತೊಡಗಿದವನ ನಿಷ್ಠೆಯನ್ನು ಗುರುದರ್ಶನಕ್ಕಿಂತಲೂ ಮುಂದಿರಿಸಿದರೆಂಬುದನ್ನು ಬಲ್ಲ ನಾವು, ತಂತ್ರಾಂಶದ ಜಾಹೀರಾತಿಗೆ ಆ ನಿಷ್ಠೆ ದಾರಿಬಿಡಲೆಂದು ಹೇಗೆ ಹೇಳೋಣ?

ಎಲ್ಲ ಅಡ್ಡಿಯೂ ತಪ್ಪೆಂದು ಇದರ ಅರ್ಥವಲ್ಲ. ಅಡಿಗೆಮನೆಗೆ ಬೆಂಕಿ ಹತ್ತಿದರೆ ಪೂಜೆಯಲ್ಲಿದ್ದವರನ್ನೂ ಕೂಗಿ ಎಬ್ಬಿಸಬೇಕು. ಬ್ಯಾಟರಿ ಮುಗಿದು ಯಂತ್ರ ಆರಿಹೋಗುವಂತಿದ್ದರೆ, ಬರೆದದ್ದು ಅಳಿಸಿಹೋಗುವಂತಿದ್ದರೆ, ಕಿಟಕಿ ಬರಲಿ. ಅದು ಬಂದದ್ದು ಕೆಲಸ ಮಾಡುವವನ ಹಿತಕ್ಕಾಗಿ. ನಮ್ಮ ತಕರಾರು ಅಳತೆಯ ಬಗೆಗೆ. ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿರೆಂದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದದ್ದು. ಬಿದ್ದ ಅಕ್ಕಿಗೆ ಒಡೆಯರಿರಲಿಲ್ಲ. ಆದರೂ ಹೆಚ್ಚಿನದನ್ನು ಅವರು ಇಟ್ಟುಕೊಳ್ಳಲಿಲ್ಲ. ಒಡೆಯನು ಎದುರಿಗೇ ಕುಳಿತಿರುವ ಗಮನವನ್ನು ಬೇಕಾದುದಕ್ಕಿಂತ ಹತ್ತು ಪಾಲು ಹೆಚ್ಚು ಬಾಚಿಕೊಳ್ಳುವವರ ಮಾತು ಹಾಗಿರಲಿ.

ಯಂತ್ರಶಿಲ್ಪಿಗಳಲ್ಲಿಯೂ ಈ ಅಳತೆಯನ್ನು ಬಲ್ಲವರು ಇದ್ದರು. ಆಪಲ್ ಸಂಸ್ಥೆಯಲ್ಲಿ ೧೯೭೯ರಲ್ಲಿ ಮ್ಯಾಕಿಂತೋಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ ಅವರು ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ಅವಧಾನಕ್ಕೆ ಒಂದು ಹೊತ್ತಿಗೆ ಒಂದೇ ನೆಲೆಯೆಂದು ವಾದಿಸಿದರು. 'ಖಚಿತವೇ?' ಎಂದು ಪದ�ೇಪದೇ ಕೇಳುವ ಕಿಟಕಿಗೆ ಬೆರಳು ಅಭ್ಯಾಸಬಲದಿಂದಲೇ ಉತ್ತರ ಕೊಡತೊಡಗುವುದು, ಆದ್ದರಿಂದ ಅಂಥ ಪ್ರಶ್ನೆಯಿಂದ ರಕ್ಷಣೆಯಿಲ್ಲ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅನುಕೂಲವಿದ್ದರೆ ಸಾಕು ಎಂಬುದು ಅವರ ನಿಲುವು. ಕೇಳಿ ಕೇಳಿ ಪೀಡಿಸುವುದಕ್ಕಿಂತ, ಮಾಡಗೊಟ್ಟು, ತಪ್ಪಿದರೆ ತಿದ್ದಿಕೊಳ್ಳಲು ಬಿಡುವುದು ಮನುಷ್ಯನಿಗೆ ಕೊಡುವ ಹೆಚ್ಚಿನ ಗೌರವ.

ಇನ್ನು ಕಮಲಾಪುರದ ಆ ಅಂಗಡಿಯವನ ಪ್ರಶ್ನೆ ಉಳಿಯಿತು. ಕಿಟಕಿಯನ್ನು ಬರೆದವನು ಅವನಲ್ಲ, ಅವಸರವೂ ಅವನೊಬ್ಬನದಲ್ಲ. ಆದರೂ ಪಾಪ್‌ಅಪ್ಪಿನ ಮುಂದೆ ರೈತನ ಕಣ್ಣಾಗಿರುವವನು ಅವನೇ. ಪರದೆಯನ್ನು ಇತ್ತ ತಿರುಗಿಸಿ, "ನೋಡ್ರಿ ಯಪ್ಪಾ, ನಿಮ್ಮ ಫೋನ್ ನಂಬರ ಬ್ಯಾರೆಯವರಿಗಿ ಕೊಡಬಹುದೇನು ಅಂತ ಕೇಳ್ಲಿಕತ್ತದ, ಏನ್ ಮಾಡ್ಲಿ?" ಎಂದು ಎರಡು ಮಾತು ಹೇಳುವುದಕ್ಕೆ ಅರೆ ನಿಮಿಷ ಸಾಕು. ಮುದುಕನು ಬಹುಶಃ "ನನಗೇನ್ ತಿಳೀತದ ತಮ್ಮಾ, ನೀನೇ ಒತ್ತು" ಎನ್ನುವನು. ಹಾಗೆಂದಾಗ ಒತ್ತಲು ಅವನಿಗೆ ಅಧಿಕಾರ ದೊರೆಯಿತು, ನಿಜ. ಅದರೊಡನೆ ಓದುವ ಭಾರವೂ ಅವನ ತಲೆಯ ಮೇಲೆ ಬಂದಿತು, ಸರತಿ ಎಷ್ಟೇ ಉದ್ದವಿರಲಿ.